ತಲವಾರ್, ಈಟಿ, ಕೊಯ್ತಾ: ಅಲಗು ಯಾವಾಗ ಆಯುಧವಾಗುತ್ತದೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿನ ಕಟಾವು ಶುರುವಾದರೆ ಎಲ್ಲರ ಕೈಯಲ್ಲೂ ಕೊಯ್ತಾ. ಅದನ್ನು ಹಿಡಿದು ಹೊಲಕ್ಕೆ ಹೊರಟವರನ್ನು ಯಾರೂ ತಡೆಯುವುದಿಲ್ಲ. ಆದರೆ ತಲವಾರ್ ಹಿಡಿದು ಮೆರವಣಿಗೆಯಲ್ಲಿ ಕುಣಿದರೆ, ಬರ್ತ್‌ಡೇ ಕೇಕ್ ಕತ್ತರಿಸಿ ರೀಲ್ಸ್ ಹಾಕಿದರೆ ಕೇಸ್ ಬೀಳಬಹುದು. ಎರಡೂ ಅಲಗೇ ತಾನೆ? ಹಾಗಾದರೆ ಫರಕು ಎಲ್ಲಿದೆ? ಮೊದಲು ಆಯುಧಗಳನ್ನೇ ನೋಡೋಣ.

ನೇರ ಕತ್ತಿ, ಬಾಗಿದ ಕತ್ತಿ

ನಮ್ಮ ವೀರಗಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ನೇರ ಕತ್ತಿ. ಅದೇ ಜಾತಿಯ ಖಂಡಾ ಅಗಲವಾದದ್ದು, ತುದಿಯ ಕಡೆ ಇನ್ನೂ ಅಗಲ. ಭಾರ ಮುಂದಿರುವುದರಿಂದ ಏಟು ಕೊಡಲಿಯಂತೆ ಬೀಳುತ್ತದೆ, ಆದರೆ ಬೀಸಿದ್ದನ್ನು ಹಿಂದಕ್ಕೆ ತರುವುದು ಕಷ್ಟ.

ತಲವಾರ್ ಬಾಗಿದ್ದು. ಮಧ್ಯ ಏಷ್ಯಾ ಮತ್ತು ಪರ್ಷಿಯಾದ ಪ್ರಭಾವದಿಂದ ಬಂದ ಆಕಾರ ಇದು. ಬಾಗಿದ ಅಂಚು ತಾಗಿದ ಕೂಡಲೇ ನಿಲ್ಲುವುದಿಲ್ಲ, ಜಾರುತ್ತಾ ಸೀಳುತ್ತದೆ. ಓಡುವ ಕುದುರೆಯ ಮೇಲಿಂದ ಬೀಸಲು ಇದೇ ಸರಿ.

ಫಿರಂಗಿ ಅಂದರೆ ಇಲ್ಲಿ ತೋಪಲ್ಲ. ಪೋರ್ಚುಗೀಸರ ಕಾಲದಲ್ಲಿ ಯುರೋಪಿನಿಂದ ಬಂದ ಉದ್ದನೆಯ ನೇರ ಅಲಗಿಗೆ ನಮ್ಮ ಹಿಡಿ ಕೂಡಿಸಿದ ಕತ್ತಿ. ಮರಾಠರಿಗೆ ಇದು ಅಚ್ಚುಮೆಚ್ಚು. ಹೀಗಾಗಿ ‘ಅಪ್ಪಟ ದೇಶಿ ಖಡ್ಗ’ ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿ ಬಳಸಬೇಕು. ಹಾಗೆಂದು ನಮ್ಮ ಲೋಹಗಾರಿಕೆ ಕಡಿಮೆಯದೇನಲ್ಲ. ದಕ್ಷಿಣ ಭಾರತದ ಮೂಸೆ ಉಕ್ಕು ಹೊರದೇಶಗಳಿಗೂ ಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಅದರ ಹೆಸರು ‘ವೂಟ್ಜ್’. ಅದು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದೆಂದು ಹಲವು ವಿದ್ವಾಂಸರು ಹೇಳುತ್ತಾರೆ.

ಕಠಾರಿ ಮತ್ತು ಈಟಿ

ಕಠಾರಿಯ ಹಿಡಿ ಅಡ್ಡಕ್ಕಿರುತ್ತದೆ. ಮುಷ್ಟಿಯಿಂದ ಗುದ್ದಿದರೆ ತೋಳಿನ ಬಲವೆಲ್ಲ ನೇರವಾಗಿ ತುದಿಗೇ ಹೋಗುತ್ತದೆ. ಕೈಗೆ ಕೈ ಹತ್ತುವಷ್ಟು ಹತ್ತಿರದ ಜಗಳದ ಆಯುಧ.

ಸಿನಿಮಾದಲ್ಲಿ ಹೀರೋ ಕೈಗೆ ಕತ್ತಿ ಸಿಗುತ್ತದೆ, ಯುದ್ಧದಲ್ಲಿ ಸಾಮಾನ್ಯ ಸೈನಿಕನ ಕೈಗೆ ಈಟಿ. ಕಾರಣ ಸರಳ. ಕತ್ತಿಗೆ ಉದ್ದಕ್ಕೂ ಒಳ್ಳೆಯ ಉಕ್ಕು ಬೇಕು. ಈಟಿಗೆ ತುದಿಯಲ್ಲಿ ಒಂದು ಗೇಣು ಸಾಕು, ಉಳಿದದ್ದು ಮರ ಇಲ್ಲವೇ ಬಿದಿರು. ಅಗ್ಗ, ಕಲಿಯುವುದು ಸುಲಭ, ಎದುರಾಳಿಯನ್ನು ದೂರವೇ ಇಡುತ್ತದೆ. ಕತ್ತಿ ಅಂತಸ್ತಿನ ಗುರುತಾಯಿತು, ಈಟಿ ಬಡವನ ಪಾಲಿಗೆ ಉಳಿಯಿತು.

ಹಲಗಲಿಯಲ್ಲಿ ನಡೆದದ್ದು

ಮೂಡಲಗಿಯ ಪೂರ್ವಕ್ಕೆ ಮುಧೋಳ ತಾಲ್ಲೂಕು. ಅಲ್ಲಿನ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಬದುಕು, ಮಾನ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು ಆಯುಧ ಒಪ್ಪಿಸಿ ಎಂದಾಗ ಅವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಈ ಕಥೆ ಲಾವಣಿಯಾಗಿ ಉಳಿದಿದೆ. ಯಾವುದು ಆಯುಧ, ಅದು ಯಾರ ಬಳಿ ಇರಬೇಕು ಎಂಬುದನ್ನು ಪ್ರಭುತ್ವ ಒಂದೇ ಏಟಿಗೆ ತೀರ್ಮಾನಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇವತ್ತಿನ ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆ ಆಕಾರಕ್ಕಿಂತ ಉದ್ದೇಶ ನೋಡುತ್ತದೆ. ದಾಳಿಗೋ ರಕ್ಷಣೆಗೋ ಮಾಡಿದ ಹರಿತ ವಸ್ತು ಆಯುಧ. ಬರೀ ಮನೆಗೆಲಸಕ್ಕೆ, ಕೃಷಿಗೆ ಮಾಡಿದ್ದು ಅಲ್ಲ. ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಈಟಿ, ಕಠಾರಿಗಳನ್ನು ಪಟ್ಟಿ ಮಾಡುತ್ತವೆ. ಸೆಕ್ಷನ್ 4ರಂತೆ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವಕ್ಕೂ ಲೈಸೆನ್ಸ್ ಬೇಕು.

ಹಾಗಂತ ಕೊಯ್ತಾಕ್ಕೆ ಪೂರ್ತಿ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ಅದರಿಂದ ಒಬ್ಬರಿಗೆ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 118ರಲ್ಲಿ ಅದೂ ಅಪಾಯಕಾರಿ ಆಯುಧವೇ.

ತಲವಾರ್ ಬೀಸುವ ಹುಡುಗರು ‘ಇದು ನಮ್ಮ ಇತಿಹಾಸ’ ಅನ್ನುತ್ತಾರೆ. ಹಲಗಲಿಯವರು ತಮ್ಮ ಕೈಯಲ್ಲಿದ್ದದ್ದನ್ನು ಕಸಿಯಲು ಬಂದ ಸಾಮ್ರಾಜ್ಯದ ಎದುರು ನಿಂತವರು. ಪಕ್ಕದ ಓಣಿಯವರನ್ನು ಹೆದರಿಸಲು ಬಾಡಿಗೆ ಡಿಜೆ ಮುಂದೆ ಕತ್ತಿ ಎತ್ತುವುದನ್ನು ಆ ಇತಿಹಾಸದ ಲೆಕ್ಕಕ್ಕೆ ಸೇರಿಸಲಾಗದು.