ಬೀಗ ಹಾಕದ ಶಾಲೆಗಳು

1918ರ ಅಕ್ಟೋಬರ್ ಮೊದಲ ವಾರ. ಇನ್‌ಫ್ಲುಯೆಂಜಾಕ್ಕೆ ಹೆದರಿ ಫಿಲಡೆಲ್ಫಿಯಾ ತನ್ನ ಶಾಲೆಗಳಿಗೆ ಬೀಗ ಹಾಕಿತ್ತು. ಅಮೆರಿಕದ ಹೆಚ್ಚಿನ ಊರುಗಳು ಅದೇ ದಾರಿ ಹಿಡಿದವು. ನ್ಯೂಯಾರ್ಕಿನ ಮಕ್ಕಳು ಮಾತ್ರ ಎಂದಿನಂತೆ ಶಾಲೆಗೆ ಹೊರಡುತ್ತಿದ್ದರು. ಆದರೆ ಅಂಗಳದಲ್ಲಿ ಗುಂಪು ಕಟ್ಟಿ ಆಡುವಂತಿರಲಿಲ್ಲ. ಬಂದವರು ನೇರ ತರಗತಿಗೆ ಹೋಗಬೇಕು. ಪಾಠಕ್ಕೆ ಮೊದಲು ಟೀಚರು ಒಂದೊಂದೇ ಮುಖ ನೋಡುತ್ತಿದ್ದರು. ಕೆಮ್ಮುವ, ಮೂಗು ಸೋರುವ ಮಗುವನ್ನು ಬೇರೆ ಕೂರಿಸಿ ವೈದ್ಯರಿಗೆ ತೋರಿಸುತ್ತಿದ್ದರು. ಜ್ವರವಿದ್ದರೆ ಆರೋಗ್ಯ ಇಲಾಖೆಯವರೇ ಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಬೇರೆ ಮಲಗಿಸಲು ಜಾಗವಿಲ್ಲದಿದ್ದರೆ ಆಸ್ಪತ್ರೆಗೆ. ಗಂಟೆ ಹೊಡೆದ ಮೇಲೆ ಉಳಿದವರು ಬೀದಿಯಲ್ಲಿ ನಿಲ್ಲದೆ ಮನೆ ಸೇರಬೇಕು.

ಈ ಧೈರ್ಯ ನಗರದ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಅವರದು; ಅವರನ್ನು ಒಪ್ಪಿಸಿದವರು ಮಕ್ಕಳ ಆರೋಗ್ಯ ವಿಭಾಗದ ಡಾ. ಜೋಸೆಫಿನ್ ಬೇಕರ್. ನಗರದ ಸುಮಾರು 10 ಲಕ್ಷ ಶಾಲಾ ಮಕ್ಕಳಲ್ಲಿ ಏಳೂವರೆ ಲಕ್ಷದಷ್ಟು ಮಂದಿ ಟೆನೆಮೆಂಟುಗಳಲ್ಲಿದ್ದರು. ಗಾಳಿ ಬೆಳಕಿಲ್ಲದ ಕೋಣೆಗಳು, ಒಂದೊಂದರಲ್ಲೂ ತುಂಬಿದ ಜನ. ಮುಂಬೈಯ ಚಾಳುಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಶಾಲೆ ಮುಚ್ಚಿದರೆ ಮಕ್ಕಳು ಹೋಗುವುದು ಎಲ್ಲಿಗೆ ಎಂಬುದೇ ಇಬ್ಬರ ಪ್ರಶ್ನೆ. ಶಾಲೆಯಲ್ಲಾದರೋ ದೊಡ್ಡ ಕಿಟಕಿಗಳಿದ್ದವು, ದಿನಾ ನೋಡುವ ಕಣ್ಣುಗಳಿದ್ದವು.

ಆ ಕಣ್ಣುಗಳು ರಾತ್ರೋರಾತ್ರಿ ಬಂದವಲ್ಲ. ನ್ಯೂಯಾರ್ಕಿನಲ್ಲಿ ಹಿಂದೆ ಕಣ್ಣುಬೇನೆ, ಕಜ್ಜಿ, ಹೇನು ಕಂಡ ಮಕ್ಕಳನ್ನು ಶಾಲೆಯಿಂದ ಹೊರಗೆ ಕಳಿಸಿಬಿಡುತ್ತಿದ್ದರು. ಚಿಕಿತ್ಸೆ ಯಾರ ಹೊಣೆಯೂ ಅಲ್ಲ. ಹೊರಬಿದ್ದ ಮಗು ಸಂಜೆ ಅದೇ ಗೆಳೆಯರ ಜತೆ ಬೀದಿಯಲ್ಲಿ ಆಡುತ್ತಿತ್ತು. 1902ರಲ್ಲಿ ಲೀನಾ ರಾಜರ್ಸ್ ಎಂಬ ನರ್ಸ್ ಕೆಲವು ಶಾಲೆಗಳಲ್ಲಿ ಮಕ್ಕಳ ಗಾಯ ತೊಳೆದು, ಮದ್ದು ಹಚ್ಚಿ, ತಾಯಂದಿರಿಗೆ ಮನೆಯಲ್ಲೇ ಹೇಳಿಕೊಡಲು ಶುರುಮಾಡಿದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೊರಬಿದ್ದಿದ್ದರು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಆ ಸಂಖ್ಯೆ ಸುಮಾರು 1,100. ಕೋಪ್‌ಲ್ಯಾಂಡರ ಧೈರ್ಯದ ಹಿಂದಿದ್ದದ್ದು ಈ ಹದಿನಾರು ವರ್ಷಗಳ ಗಳಿಕೆ. ಅದಿಲ್ಲದ ಊರುಗಳು ಶಾಲೆ ಮುಚ್ಚಿದ್ದನ್ನು ಹೇಡಿತನ ಎನ್ನಲಾಗದು.

ಹಾಗೆಂದು ನ್ಯೂಯಾರ್ಕಿನಲ್ಲಿ ಎಲ್ಲರೂ ನಿಶ್ಚಿಂತರಾಗಿರಲಿಲ್ಲ. ಮಾಜಿ ಆಯುಕ್ತರೊಬ್ಬರೇ ಈ ನಿರ್ಧಾರವನ್ನು ಟೀಕಿಸಿದರು. ಶಾಲೆ ತೆರೆದಿಟ್ಟ ಇನ್ನೊಂದು ನಗರವಾದ ಷಿಕಾಗೊದಲ್ಲಿ ಒಂದು ಹಂತದಲ್ಲಿ ಅರ್ಧದಷ್ಟು ಮಕ್ಕಳು ಬರಲೇ ಇಲ್ಲ. ಅಧಿಕಾರಿಗಳು ಇದಕ್ಕೆ ‘ಫ್ಲೂಫೋಬಿಯಾ’ ಎಂದು ಹೆಸರಿಟ್ಟರು. ತಾಯಂದಿರ ಹೆದರಿಕೆಯನ್ನೂ ಒಂದು ಕಾಯಿಲೆ ಮಾಡಿದ ಜಾಣತನ! ಆದರೆ ಆ ಹೆದರಿಕೆಗೆ ಕಾರಣವಿತ್ತು. ಈ ಜ್ವರ ವಿಶೇಷವಾಗಿ ಕೊಂದದ್ದು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು: ಅಪ್ಪಂದಿರನ್ನು, ಅಮ್ಮಂದಿರನ್ನು, ಟೀಚರುಗಳ ವಯಸ್ಸಿನವರನ್ನೇ. ಬೆಂಚಿನ ಮೇಲೆ ಗಟ್ಟಿಮುಟ್ಟಾಗಿ ಕೂತ ಮಗುವಿನ ಮನೆಯಲ್ಲಿ ಏನಾಗಿದೆಯೋ, ಮುಖ ನೋಡಿ ಹೇಳುವುದು ಟೀಚರಿಗೂ ಸಾಧ್ಯವಿರಲಿಲ್ಲ.

ನ್ಯೂಯಾರ್ಕಿನಲ್ಲಿ ಸತ್ತವರು 30 ಸಾವಿರಕ್ಕೂ ಹೆಚ್ಚು. ಜನಸಂಖ್ಯೆಗೆ ಹೋಲಿಸಿದರೆ ಇದು ಫಿಲಡೆಲ್ಫಿಯಾ, ಬೋಸ್ಟನ್‌ಗಳಿಗಿಂತ ಕಡಿಮೆ. ಅದರ ಶ್ರೇಯಸ್ಸನ್ನು ಶಾಲೆಗಳಿಗೇ ಕೊಡುವಂತಿಲ್ಲ. ರೈಲುಗಳಲ್ಲಿ ನೂಕುನುಗ್ಗಲು ತಗ್ಗಲೆಂದು ಅಂಗಡಿ, ಕಚೇರಿಗಳ ಹೊತ್ತನ್ನೂ ಕೋಪ್‌ಲ್ಯಾಂಡ್ ಬೇರೆ ಬೇರೆ ಮಾಡಿದ್ದರು. ನವೆಂಬರ್ ಹೊತ್ತಿಗೆ ಜ್ವರ ಇಳಿಯಿತು. ಬೇರೆ ಊರುಗಳಲ್ಲಿ ಶಾಲೆಯ ಬೀಗ ತೆಗೆಯುತ್ತಿದ್ದಾಗ, ಇಲ್ಲಿ ತೆಗೆಯಲು ಬೀಗವೇ ಇರಲಿಲ್ಲ. ತರಗತಿಗಳಲ್ಲಿ ಎಂದಿನಂತೆ ಹಾಜರಿ ಕೂಗುತ್ತಿದ್ದರು.