ಒಂದು ಕೈ ಹೆಚ್ಚಿಗೆ

ಡಬ್ಬಿ ಕಟ್ಟುವ ಕೆಲಸಕ್ಕೂ ಒಂದು ಚರಿತ್ರೆ ಇದೆ ಎಂದರೆ ನಮ್ಮಲ್ಲಿ ಅನೇಕರಿಗೆ ನಗು ಬಂದೀತು. ರಾಜರು ಗೆದ್ದ ಕೋಟೆಗೆ, ಕಟ್ಟಿಸಿದ ಕೆರೆಗೆ ಇಸವಿ ಇರುತ್ತದೆ. ಚಪಾತಿ, ಪಲ್ಯ, ಅನ್ನ, ಸಾರು ತುಂಬಿಕೊಂಡು ಬೆಳಿಗ್ಗೆ ಹೋಗಿ ಮಧ್ಯಾಹ್ನ ಖಾಲಿಯಾಗಿ ಬರುವ ಡಬ್ಬಿಗೆ ಎಲ್ಲಿಯ ಇಸವಿ? ಆದರೆ ಮುಂಬಯಿಯ ಡಬ್ಬಾವಾಲಾಗಳಿಗೆ ಇಸವಿಯೂ ಇದೆ, ಮೂಲಪುರುಷನೂ ಇದ್ದಾನೆ. 1890ರ ಸುಮಾರಿಗೆ ಮಹಾದೇವ ಹವಾಜಿ ಬಚ್ಚೆ ಎಂಬವರು ತಮ್ಮ ಕಡೆಯ ಹುಡುಗರನ್ನು ಕಟ್ಟಿಕೊಂಡು ಮನೆಯ ಊಟವನ್ನು ಆಫೀಸಿಗೆ ಮುಟ್ಟಿಸುವ ಕೆಲಸ ಶುರು ಮಾಡಿದರು. ನೂರು ವರ್ಷ ದಾಟಿದರೂ ಅದು ನಿಲ್ಲಲಿಲ್ಲ.

ಮದುವೆಯಾಗಿ ಮಾಟುಂಗಕ್ಕೆ ಹೋದ ಮೇಲೆ ಹದಿನಾರು ವರ್ಷ ನಾನೂ ಇಂಥ ಡಬ್ಬಿ ತುಂಬಿದವಳು. ಆದ್ದರಿಂದ ಈ ಚರಿತ್ರೆಯ ಒಂದು ತುದಿ ನನ್ನ ಅಡಿಗೆಮನೆಯ ಕಟ್ಟೆಯ ಮೇಲಿತ್ತೆಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ಲೋಕವೆಲ್ಲ ಹೊಗಳಿದ್ದು ಅವರ ಹೊತ್ತುಗಾರಿಕೆಯನ್ನು. 2003ರಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಚರ್ಚ್‌ಗೇಟ್ ನಿಲ್ದಾಣಕ್ಕೆ ಬಂದು ಅವರನ್ನು ಕಂಡರು. 2010ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲು ಇವರನ್ನೇ ಪಾಠವಾಗಿ ಬರೆದುಕೊಂಡಿತು. ನನಗೆ ಮಾತ್ರ ಮೊದಲಿನಿಂದಲೂ ಬೇರೆಯೇ ಒಂದು ಕುತೂಹಲ. ಒಂದು ದಿನವೂ ತಪ್ಪಬಾರದ ಕೆಲಸ ಮಾಡುವ ಈ ಜನ ರಜೆಯನ್ನು ಹೇಗೆ ತೆಗೆದುಕೊಳ್ಳುತ್ತಾರೆ? ಜ್ವರ ಬಂದರೆ, ಊರಿನಲ್ಲಿ ತಾಯಿ ಹಾಸಿಗೆ ಹಿಡಿದರೆ, ಮಗಳ ಮದುವೆ ಬಂದರೆ ಆ ದಿನದ ಡಬ್ಬಿಗಳ ಗತಿಯೇನು? ದಿನಾ ಅಡಿಗೆ ಮಾಡುವವರಿಗೆ ಈ ಪ್ರಶ್ನೆ ಯಾಕೆ ಹೊಳೆಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಕೆಲಸದ ಭಾರ ಎಷ್ಟೆಂದು ನೋಡೋಣ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮರುವರ್ಷವೇ ಮುಂಬಯಿಯಲ್ಲಿ ಮೊದಲ ಹತ್ತಿಗಿರಣಿಯ ಕಂಪೆನಿ ಹುಟ್ಟಿತು. ಆಮೇಲೆ ಊರು ಉದ್ದಕ್ಕೆ ಬೆಳೆಯಿತು. ದುಡಿಮೆ ದಕ್ಷಿಣದ ಕೋಟೆ ಪ್ರದೇಶದಲ್ಲಿ, ಮನೆ ಉತ್ತರಕ್ಕೆ ದೂರದಲ್ಲಿ. ಒಂದೊಂದು ಜಾತಿಗೆ ಒಂದೊಂದು ರುಚಿ, ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ತಿನ್ನದ ಕಾಲ. ಬೆಳಿಗ್ಗೆ ಏಳಕ್ಕೇ ಮನೆ ಬಿಡುವವನಿಗೆ ಅಷ್ಟರೊಳಗೆ ಬಿಸಿ ಅಡಿಗೆ ಆಗುವುದು ಹೇಗೆ? ಗಂಡ ಹೋದ ಮೇಲೆ ಹೆಂಡತಿ ಅಡಿಗೆ ಮುಗಿಸುವುದು, ಆಮೇಲೆ ಡಬ್ಬಿಯೊಂದೇ ಪ್ರಯಾಣ ಹೊರಡುವುದು – ಇದು ಆಗ ಹುಟ್ಟಿದ ಉಪಾಯ.

ಒಬ್ಬೊಬ್ಬ ಡಬ್ಬಾವಾಲಾ ಮೂವತ್ತು ನಲವತ್ತು ಮನೆಗಳ ಡಬ್ಬಿ ಎತ್ತುತ್ತಾನೆ. ಸೈಕಲ್ಲಿಗೆ ತೂಗುಹಾಕಿಕೊಂಡು ನಿಲ್ದಾಣಕ್ಕೆ ಬಂದರೆ ಅಲ್ಲಿ ವಿಂಗಡಣೆ. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ ಅಕ್ಷರಗಳೇ ವಿಳಾಸ: ಯಾವ ನಿಲ್ದಾಣದಿಂದ ಬಂದದ್ದು, ಯಾವ ಬಡಾವಣೆಗೆ, ಯಾವ ಕಟ್ಟಡ, ಎಷ್ಟನೆಯ ಮಾಳಿಗೆ. ಓದಲು ಹೆಚ್ಚು ಬಾರದವರೂ ಅದನ್ನು ಕಣ್ಣಾಡಿಸಿ ಹೇಳಬಲ್ಲರು. ಬಣ್ಣ ಬರುವ ಮೊದಲು ದಾರಗಳ ಗುರುತು ಇತ್ತಂತೆ. ಬಳಿಕ ದೋಣಿಯಂಥ ಉದ್ದನೆಯ ಮರದ ತಟ್ಟೆಯಲ್ಲಿ ಡಬ್ಬಿಗಳನ್ನು ಜೋಡಿಸಿ ತಲೆಯ ಮೇಲೆ ಹೊರುತ್ತಾರೆ. ತುಂಬಿದ ತಟ್ಟೆ ಅರುವತ್ತು ಕಿಲೋ ದಾಟುತ್ತದೆ. ಲೋಕಲ್ ಗಾಡಿ ನಿಲ್ಲುವುದು ಅರ್ಧ ನಿಮಿಷ ಇದ್ದೀತು, ಅಷ್ಟರಲ್ಲಿ ತಟ್ಟೆ ಲಗೇಜಿನ ಡಬ್ಬಿಯೊಳಗೆ ಹೋಗಬೇಕು. ನಮ್ಮ ಮನೆಯ ಬಾಗಿಲಿನಿಂದ ನಮ್ಮವರ ಮೇಜಿನವರೆಗೆ ಆ ಡಬ್ಬಿ ಹಲವು ಕೈ ದಾಟುತ್ತಿತ್ತು. ಹಿಂತಿರುಗುವಾಗ ಅದೇ ಹಾದಿ ತಿರುವುಮುರುವು.

ಇಂಥ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಹಸಿದಿರುವವರು ಒಬ್ಬರಲ್ಲ, ನಲವತ್ತು ಮಂದಿ. ಆದ್ದರಿಂದ ರಜೆಯನ್ನು ಅವರು ಒಬ್ಬೊಬ್ಬನ ಹಣೆಬರಹಕ್ಕೆ ಬಿಡಲಿಲ್ಲ. ಇಪ್ಪತ್ತು ಇಪ್ಪತ್ತೈದು ಮಂದಿಯ ಒಂದು ಗುಂಪು, ಅದಕ್ಕೊಬ್ಬ ಮುಕದ್ದಮ. ಗುಂಪಿನಲ್ಲಿ ಬೇಕಾದದ್ದಕ್ಕಿಂತ ಎರಡು ಮೂರು ಜನ ಹೆಚ್ಚಿಗೆ ಇರುತ್ತಾರೆ. ಅವರಿಗೆ ಇಂಥದೇ ಹಾದಿ ಎಂದಿಲ್ಲ, ಯಾರು ಬರಲಿಲ್ಲವೋ ಅವರ ಹಾದಿ ಹಿಡಿಯುತ್ತಾರೆ. ಉಳಿದವರಿಗೂ ಎತ್ತುವುದು, ವಿಂಗಡಿಸುವುದು, ಹೊರುವುದು, ಹಣ ವಸೂಲು ಎಲ್ಲವೂ ಗೊತ್ತಿರಬೇಕು. ತೀರಾ ಜನ ಸಾಲದಾದರೆ ಮುಕದ್ದಮನೇ ತಟ್ಟೆಗೆ ತಲೆ ಕೊಡುತ್ತಾನೆ.

ಈ ಹೆಚ್ಚಿನ ಕೈಗಳ ಖರ್ಚು ಯಾರದು? ಇದೇ ನನಗೆ ಬಹಳ ಹಿಡಿಸಿದ ಭಾಗ. ಮೊದಲ ಕಾಲದಲ್ಲಿ ಇವರೂ ಮುಕದ್ದಮನ ಕೈಕೆಳಗೆ ಸಂಬಳಕ್ಕೆ ದುಡಿದವರೇ. ಕ್ರಮೇಣ ಪಾಲುದಾರರಾದರು. ಗುಂಪಿಗೆ ಬಂದ ಹಣದಲ್ಲಿ ಸೈಕಲ್ಲು, ರೈಲುಪಾಸು ಮುಂತಾದ ಖರ್ಚು ಕಳೆದು ಉಳಿದದ್ದು ಎಲ್ಲರಿಗೂ ಸಮಪಾಲು. ಎರಡು ಜನ ಹೆಚ್ಚಿಗೆ ಇದ್ದರೆ ಪ್ರತಿಯೊಬ್ಬನ ಪಾಲೂ ತುಸು ತೆಳ್ಳಗಾಗುತ್ತದೆ. ಅಂದರೆ ಪ್ರತಿಯೊಬ್ಬನೂ ತಿಂಗಳು ತಿಂಗಳು ಸ್ವಲ್ಪ ಕಡಿಮೆ ತೆಗೆದುಕೊಂಡು, ಮುಂದೆ ತನಗೆ ಕಾಯಿಲೆಯಾಗುವ ದಿನಕ್ಕೆ ಒಂದು ಜೊತೆ ಭುಜವನ್ನು ಕೂಡಿಡುತ್ತಾನೆ.

ನಮ್ಮ ಮನೆಗೆ ಬರುತ್ತಿದ್ದಾತನ ತಾಯಿ ತೀರಿಕೊಂಡಾಗ ಆತ ಹದಿನೈದು ದಿನ ಊರಿಗೆ ಹೋದರು. ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಇನ್ನೊಬ್ಬ ಬಿಳಿ ಟೋಪಿಯವರು ಬಾಗಿಲಲ್ಲಿ ನಿಂತಿದ್ದರು.

“ವಹಿನೀ, ಡಬ್ಬಾ.”

“ನಿಮಗೆ ನಮ್ಮ ಮನೆ ಗೊತ್ತೇ ಮಾಮಾ?”

“ಗೊತ್ತು. ಮೇಲಿನ ಮನೆಯ ಆಜಿ ಬಾಗಿಲು ತೆಗೆಯುವುದು ತಡ, ಅವರದನ್ನು ಕೊನೆಗೆ ಎತ್ತಬೇಕೆಂದೂ ಗೊತ್ತು.”

ಹೋಗುವ ಅವಸರದಲ್ಲೂ ಆತ ಅಜ್ಜಿಯ ಮಂಡಿನೋವಿನವರೆಗೆ ಎಲ್ಲವನ್ನೂ ಒಪ್ಪಿಸಿ ಹೋಗಿದ್ದರು.

ಇವರನ್ನು ಸಂತರನ್ನಾಗಿ ಮಾಡುವ ಆಸೆ ನನಗಿಲ್ಲ. ಹೇಳದೆ ಕೇಳದೆ ತಪ್ಪಿಸಿಕೊಂಡವನಿಗೆ, ಕೆಲಸದ ಹೊತ್ತಿನಲ್ಲಿ ಕುಡಿದವನಿಗೆ ದಂಡ ಉಂಟು. ಗಿರಾಕಿಗಳಿಗಾಗಿ ಗುಂಪು ಗುಂಪುಗಳ ನಡುವೆ ಪೈಪೋಟಿಯೂ ಉಂಟು, ಆದರೂ ನಿಲ್ದಾಣಕ್ಕೆ ಬಂದ ಮೇಲೆ ಒಂದು ಗುಂಪಿನ ಡಬ್ಬಿಯನ್ನು ಇನ್ನೊಂದು ಗುಂಪು ಹೊರುತ್ತದೆ. ಗಳಿಕೆ ದೊಡ್ಡದೇನಲ್ಲ. ಬಹುಪಾಲು ಎಲ್ಲರೂ ಪುಣೆ ಜಿಲ್ಲೆಯ ಮಾವಳ, ಮುಳಶಿ, ಜುನ್ನರ, ಅಂಬೇಗಾಂವ್ ಕಡೆಯವರು; ಅಣ್ಣ ತಮ್ಮ, ಭಾವ ಮೈದುನ, ಒಂದೇ ಊರಿನವರು. ಪರಿಚಯವಿಲ್ಲದವನು ಒಳಗೆ ಸೇರುವುದು ಸುಲಭವಲ್ಲ. ಬೆರಳೆಣಿಕೆಯ ಹೆಂಗಸರೂ ಈ ಕೆಲಸ ಮಾಡಿದ್ದುಂಟು, ಅಷ್ಟೆ. ಈ ನಂಟಸ್ತಿಕೆ ಇಲ್ಲದಿದ್ದರೆ ಒಬ್ಬನ ಭಾರವನ್ನು ಇನ್ನೊಬ್ಬ ಇಷ್ಟು ಸಲೀಸಾಗಿ ಹೊರುತ್ತಿದ್ದನೇ ಎಂದು ಕೇಳಿದರೆ ನಾನು ಹೌದೆನ್ನಲಾರೆ. 1956ರಲ್ಲಿ ‘ನೂತನ ಮುಂಬಯಿ ಟಿಫಿನ್ ಬಾಕ್ಸ್ ಸಪ್ಲಾಯರ್ಸ್’ ಎಂದು ಧರ್ಮಾರ್ಥ ಸಂಸ್ಥೆಯನ್ನು ನೋಂದಾಯಿಸಿದರಲ್ಲ, ಅದಕ್ಕಿಂತ ಬಹಳ ಮೊದಲೇ ಊರಿನ ಕಟ್ಟು ಅವರನ್ನು ಹಿಡಿದಿತ್ತು.

ಆ ಊರೇ ಅವರಿಗೆ ವರ್ಷದ ದೊಡ್ಡ ರಜೆಯನ್ನೂ ಕೊಟ್ಟದ್ದು. ಮಾರ್ಚ್ ಏಪ್ರಿಲ್ ಹೊತ್ತಿಗೆ ಗ್ರಾಮದೇವತೆಯ ಜಾತ್ರೆ. ಆಗ ಒಬ್ಬಿಬ್ಬರಲ್ಲ, ಎಲ್ಲರೂ ಒಟ್ಟಿಗೆ ಐದಾರು ದಿನ ಹೊರಟುಬಿಡುತ್ತಾರೆ. ಎರಡು ಲಕ್ಷ ಡಬ್ಬಿ ಸಾಗುತ್ತಿದ್ದ ಒಳ್ಳೆಯ ದಿನಗಳಲ್ಲೂ ಇದು ತಪ್ಪಿದ್ದಿಲ್ಲ. ಆಷಾಢ ಏಕಾದಶಿಯ ದಿನ ಪಂಢರಪುರದ ವಿಠೋಬನ ಸಲುವಾಗಿ ಇನ್ನೊಂದು ರಜೆ, ಏಕೆಂದರೆ ಹೆಚ್ಚಿನವರು ವಾರಕರಿಗಳು. ಪುರಂದರದಾಸರ ಅಂಕಿತದಲ್ಲಿ ಕುಳಿತಿರುವ ವಿಠಲನೇ ಇವರಿಗೂ ರಜೆ ಮಂಜೂರು ಮಾಡುವವನೆಂದು ತಿಳಿದಾಗ ನನಗೆ ಆ ಟೋಪಿಯವರು ಇನ್ನಷ್ಟು ನಮ್ಮವರೆನಿಸಿದರು.

ಜಾತ್ರೆಯ ವಾರ ಬಂತೆಂದರೆ ನಮ್ಮ ಮಾಳಿಗೆಯ ಹೆಂಗಸರಿಗೆಲ್ಲ ಒಳಗೊಳಗೇ ಸಂಭ್ರಮ. ಗಂಡಸರು ಕೋಟೆಯ ಉಡುಪಿ ಹೋಟೆಲುಗಳಲ್ಲಿ ಊಟ ಮಾಡಿಕೊಳ್ಳುತ್ತಿದ್ದರು, ಒಂಬತ್ತೂವರೆಯ ಗಂಟೆ ನಮ್ಮ ಎದೆಯ ಮೇಲೆ ಕೂರುತ್ತಿರಲಿಲ್ಲ. ಡಬ್ಬಾವಾಲಾಗಳ ರಜೆಯೇ ನಮ್ಮ ರಜೆ! ಉಳಿದ ವರ್ಷವಿಡೀ ಮೈ ಬಿಸಿಯಿದ್ದರೂ ಎದ್ದು ಲಟ್ಟಣಿಗೆ ಹಿಡಿಯಬೇಕಾಗಿತ್ತು. ಅವರಲ್ಲಿದ್ದ ಹೆಚ್ಚಿನ ಕೈ ನಮ್ಮ ಅಡಿಗೆಮನೆಯಲ್ಲಿರಲಿಲ್ಲ.

ಕೊನೆಗೆ ನಾವೂ ಅದನ್ನೇ ಕಲಿತೆವು. ಮಾಳಿಗೆಯಲ್ಲಿ ಐದು ಮನೆ: ನಮ್ಮದು, ಕುಂದಾಪುರದವರೊಬ್ಬರದು, ಪಾಲ್ಘಾಟಿನ ಮಾಮಿ, ಗುಜರಾತಿ ಬೆನ್, ಒಬ್ಬರು ಮರಾಠಿ ಟೀಚರು. ಯಾರಿಗೆ ಜ್ವರವೋ ಅವರ ಡಬ್ಬಿಯನ್ನು ಮಿಕ್ಕವರು ಸರದಿಯ ಮೇಲೆ ತುಂಬುವುದೆಂದು ಮಾತಾಯಿತು. ನನ್ನ ಸರದಿಯ ಜ್ವರದಲ್ಲಿ ಬೆನ್ ಮನೆಯ ಥೇಪ್ಲಾ ನಮ್ಮವರ ಆಫೀಸಿಗೆ ಹೋಯಿತು. ಸಂಜೆ ಬಂದವರು “ಇವತ್ತು ಚಪಾತಿಗೆ ಏನೋ ಹಾಕಿದ್ದೆಯಲ್ಲ, ಚೆನ್ನಾಗಿತ್ತು” ಅಂದರು. ದಿನವಿಡೀ ನಾನು ಮಲಗಿದ್ದದ್ದು ಅವರಿಗೆ ತಿಳಿದದ್ದು ಆಮೇಲೆ.

ಡಬ್ಬಾವಾಲಾಗಳ ಮೇಲೂ ಏಟುಗಳು ಬಿದ್ದವು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಗಿರಣಿ ಮುಷ್ಕರ ಶುರುವಾಗಿ ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಹಳಷ್ಟು ಗಿರಣಿಗಳು ಮತ್ತೆ ಏಳಲಿಲ್ಲ, ಗಿರಣಿಯ ಡಬ್ಬಿಗಳೂ ಹೋದವು. 2011ರ ಆಗಸ್ಟಿನಲ್ಲಿ ಅಣ್ಣಾ ಹಜಾರೆಯವರನ್ನು ಬೆಂಬಲಿಸಿ ಡಬ್ಬಾವಾಲಾಗಳು ಒಂದು ದಿನ ಕೆಲಸ ನಿಲ್ಲಿಸಿದಾಗ, 120 ವರ್ಷಗಳಲ್ಲಿ ಇದೇ ಮೊದಲ ಮುಷ್ಕರವೆಂದು ಪತ್ರಿಕೆಗಳು ಬರೆದವು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಆಫೀಸು, ಲೋಕಲ್ ಗಾಡಿ ಎರಡೂ ನಿಂತವು. ಎಷ್ಟೋ ಮಂದಿ ಊರಿಗೆ ಹೋದವರು ಹೊಲದಲ್ಲೇ ಉಳಿದರು. ಐದು ಸಾವಿರವಿದ್ದ ಸಂಖ್ಯೆ ಆಮೇಲೆ ಹಳೆಯ ಲೆಕ್ಕಕ್ಕೆ ಮರಳಲಿಲ್ಲ. ಗುಂಪು ಸಣ್ಣದಾದಾಗ ಮೊದಲು ಕಾಣೆಯಾಗುವುದು ಆ ಹೆಚ್ಚಿನ ಕೈಯೇ ಅಲ್ಲವೇ ಎಂಬುದು ನನ್ನ ಸಂಕಟ.

ಈಗ ನಾನು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಡಬ್ಬಿ ಮನೆಯಿಂದ ಹೋಗುವುದಿಲ್ಲ, ಮನೆಗೆ ಬರುತ್ತದೆ. ತರುವ ಹುಡುಗರದು ಸೈಕಲ್ಲಿನ ಬದಲು ಸ್ಕೂಟರು, ಮುಕದ್ದಮನ ಬದಲು ಮೊಬೈಲಿನೊಳಗಿನ ಆಪು. ಒಂದು ಮಳೆಯ ರಾತ್ರಿ ಮೆಟ್ಟಿಲಲ್ಲಿ ಕೆಮ್ಮುತ್ತ ನಿಂತವನನ್ನು ಕೇಳಿದೆ.

“ರಜೆ ಯಾವಾಗಪ್ಪಾ ನಿನಗೆ?”

“ಆಪ್ ಆಫ್ ಮಾಡಿದ್ರೆ ರಜೆ ಅಮ್ಮಾ. ಆದ್ರೆ ಈ ವಾರದ ಇನ್ಸೆಂಟಿವ್ ಹೋಗತ್ತೆ.”

“ನಿನ್ನ ಬದಲಿಗೆ ಯಾರು ಬರುತ್ತಾರೆ?”

“ಯಾರೋ ಬರ್ತಾರೆ. ನಂಗೆ ಗೊತ್ತಿರಲ್ಲ.”

ಆ ಉತ್ತರ ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಕೆಲಸ ತಪ್ಪದಿರಲು ಹೆಚ್ಚಿನ ಕೈ ಇಲ್ಲಿಯೂ ಇದೆ, ಮುಂಬಯಿಗಿಂತ ಸಾವಿರಪಾಲು ಇದೆ. ಆದರೆ ಮಾವಳದವನಿಗೆ ಆ ಕೈ ಇರುವುದರಿಂದ ಊರಿಗೆ ಹೋಗಲು ಧೈರ್ಯ, ಈ ಹುಡುಗನಿಗೆ ಅದೇ ಕೈ ಇರುವುದರಿಂದ ಮಲಗಲು ಭಯ. ಹಾಗೆಂದು ಹುಡುಗರ ನಡುವೆ ಒಲವಿಲ್ಲವೆಂದಲ್ಲ. ಒಬ್ಬನ ಗಾಡಿ ಕೆಟ್ಟರೆ ಇನ್ನೊಬ್ಬ ನಿಂತು ತಳ್ಳುವುದನ್ನು, ಬಿದ್ದವನನ್ನು ಬೇರೆ ಕಂಪೆನಿಯ ಅಂಗಿಯವನು ಎಬ್ಬಿಸುವುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

ಇವರ ಸಂಖ್ಯೆ ಸಣ್ಣದಲ್ಲ. ದೇಶದಲ್ಲಿ ಇಂಥ ಗಿಗ್ ಕೆಲಸಗಾರರು 2020-21ರಲ್ಲಿ 77 ಲಕ್ಷ ಎಂದು ನೀತಿ ಆಯೋಗ 2022ರ ವರದಿಯಲ್ಲಿ ಅಂದಾಜು ಮಾಡಿತು. ಅವರಿಗಾಗಿ ಮೊದಲು ಕಾಯ್ದೆ ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಶಾಸನಸಭೆಯಲ್ಲಿ ಕಾಯ್ದೆಯಾಗಿಸಿತು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪೆನಿ ಕ್ಷೇಮನಿಧಿಗೆ ಕಟ್ಟಬೇಕು. ಕಾರಣ ತಿಳಿಸಿ 14 ದಿನ ಮುಂಚೆ ನೋಟಿಸು ಕೊಡದೆ ಯಾರನ್ನೂ ಸುಮ್ಮನೆ ತೆಗೆದುಹಾಕುವ ಹಾಗಿಲ್ಲ. ಆಪು ಕೆಲಸ ಹಂಚುವ ರೀತಿಯನ್ನು ಕೆಲಸಗಾರರು ಕೇಳಿ ತಿಳಿಯಬಹುದು. ನಿಧಿಯನ್ನು ನೋಡಿಕೊಳ್ಳಲು ಒಂದು ಮಂಡಳಿ, ಅದರಲ್ಲಿ ಕೆಲಸಗಾರರ ಪ್ರತಿನಿಧಿಗಳಿಗೂ ಜಾಗ. ಆ ಕುರ್ಚಿಯಲ್ಲಿ ಕೂರುವವರು ಮೊದಲ ಸಭೆಯಲ್ಲೇ ಜ್ವರದ ದಿನದ ಲೆಕ್ಕ ಎತ್ತಲಿ ಎಂದು ನನ್ನಾಸೆ: ಮಲಗಿದವನ ಪಾಲು ಎಷ್ಟು, ಅದನ್ನು ಯಾರ ಗಂಟಿನಿಂದ ಕೊಡುವುದು, ಎದ್ದು ಬಂದಾಗ ಅವನ ಹಾದಿ ಅವನಿಗೇ ಸಿಗುವುದೋ ಇಲ್ಲವೋ.