ಸಹಾಯಾರ್ಥ ಓಟ ಮತ್ತು ಸ್ವಉದ್ಯೋಗ ಶಿಕ್ಷಣ

ಸಹಾಯಾರ್ಥ ಓಟ ಎಂದರೆ ಸಾರ್ವಜನಿಕ ಉದ್ದೇಶವೊಂದಕ್ಕೆ ಹಣ ಕೂಡಿಸಲು ಕೈಗೊಳ್ಳುವ ಓಟ, ನಡಿಗೆ, ಸೈಕಲ್ ಯಾತ್ರೆ ಅಥವಾ ಚಾರಣ. ಭಾಗವಹಿಸುವವರು ಬಂಧುಮಿತ್ರರಿಂದ, ಸಹೋದ್ಯೋಗಿಗಳಿಂದ ದೇಣಿಗೆ ಎತ್ತಿ ತಾವು ಆರಿಸಿಕೊಂಡ ಸಂಸ್ಥೆಗೆ ಮುಟ್ಟಿಸುತ್ತಾರೆ. ಪ್ರವೇಶ ಶುಲ್ಕವೇ ದೇಣಿಗೆ ಎಂದು ಅನೇಕರು ತಿಳಿದಿರುವುದುಂಟು. ಎರಡೂ ಬೇರೆ ಬೇರೆ.

ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಕೆನಡಾದ ಟೆರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನ ಮೇಲೆ 143 ದಿನ, 5,373 ಕಿ.ಮೀ. ಓಡಿದ್ದು ಈ ಪದ್ಧತಿಗೆ ಜಗತ್ತಿನಾದ್ಯಂತ ಹೆಸರು ತಂದಿತು. ಹಾಂಗ್‌ಕಾಂಗ್‌ನಲ್ಲಿ 1981ರಲ್ಲಿ ಗೂರ್ಖಾ ಸೈನಿಕರ ಕಸರತ್ತಾಗಿ ಹುಟ್ಟಿದ ಟ್ರೇಲ್‌ವಾಕರ್ ನಡಿಗೆ ಮುಂದೆ ನೆರವು ಸಂಸ್ಥೆ ಆಕ್ಸ್‌ಫ್ಯಾಮ್‌ನ ಕಾರ್ಯಕ್ರಮವಾಯಿತು. 2012ರಲ್ಲಿ ಅದು ಬೆಂಗಳೂರಿಗೂ ಬಂತು. ನಾಲ್ವರ ತಂಡ 48 ಗಂಟೆಯೊಳಗೆ 100 ಕಿ.ಮೀ. ಮುಗಿಸಬೇಕು, ದೇಣಿಗೆಯನ್ನೂ ತರಬೇಕು. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲಿ ಹಲವಾರು ಸ್ವಯಂಸೇವಾ ಸಂಸ್ಥೆಗಳಿಗೆ ಹಣ ಎತ್ತುವ ವ್ಯವಸ್ಥೆ ಬೇರೂರಿದೆ.

ಹೆಸರು ಹೊಸದಾದರೂ ನಡೆದು ಕೂಡಿಸುವುದು ಕನ್ನಡನಾಡಿಗೆ ಹೊಸತಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ (1907–2019) ವಿದ್ಯಾರ್ಥಿಗಳ ದಾಸೋಹಕ್ಕಾಗಿ ಹಳ್ಳಿಹಳ್ಳಿ ತಿರುಗಿ ದವಸ ಕೂಡಿಸಿದರು. ಭೂದಾನಕ್ಕಾಗಿ ದೇಶ ಸುತ್ತಿದ ವಿನೋಬಾ ಅವರ ಪಾದಯಾತ್ರೆ 1957ರಲ್ಲಿ ಮೈಸೂರು ಬಳಿಯ ಯಲವಾಲವನ್ನೂ ಮುಟ್ಟಿತ್ತು. ಇಂದಿನ ಓಟಗಾರ ಮೊಬೈಲಿನಲ್ಲಿ ಕೊಂಡಿ ಕಳಿಸಿ ಕೇಳುತ್ತಾನೆ, ಅಷ್ಟೇ ವ್ಯತ್ಯಾಸ.

ಇಂಥ ಹಣ ಹೆಚ್ಚಾಗಿ ಆಸ್ಪತ್ರೆ, ಶಾಲೆಗಳ ಕಡೆ ಹರಿಯುತ್ತದೆ. ಸ್ವಉದ್ಯೋಗ ಶಿಕ್ಷಣ ದಾನಿಗಳ ಕಣ್ಣಿಗೆ ಬೀಳುವುದು ಕಡಿಮೆ, ಆದರೆ ಅದರ ಮಾದರಿ ಕರ್ನಾಟಕದಲ್ಲೇ ರೂಪುಗೊಂಡಿತು. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಇದನ್ನೇ ಅನುಸರಿಸಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಿಂದ ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಬೆಳೆಸಿತು. ತರಬೇತಿ ಉಚಿತ, ಊಟ ವಸತಿ ಅಲ್ಲೇ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಯ ಜೊತೆಗೆ ಧೈರ್ಯವನ್ನೂ ಕಲಿಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ರೂಢಿಯಿಲ್ಲದ ಕೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಆಟ ಇಂಥ ತರಬೇತಿಗಳಲ್ಲಿ ಪ್ರಸಿದ್ಧ. ಎಷ್ಟು ಪೇರಿಸುತ್ತೇನೆಂದು ಅಭ್ಯರ್ಥಿ ಮೊದಲೇ ಹೇಳಬೇಕು. ಪಕ್ಕದಲ್ಲಿ ನಿಂತವರು ಹುರಿದುಂಬಿಸುತ್ತಾರೋ ಬೆದರಿಸುತ್ತಾರೋ ಎಂಬುದರ ಮೇಲೆ ಗೋಪುರದ ಎತ್ತರ ನಿಂತಿರುತ್ತದೆ. ಸಾಲ ಕೇಳಲು ಬ್ಯಾಂಕಿಗೆ ಹೋಗುವ ಹುಡುಗಿಯ ಹಿಂದೆ ಮನೆಯವರು ಹೇಗೆ ನಿಲ್ಲಬೇಕೆಂಬುದು ಅಲ್ಲೇ ತಿಳಿದುಹೋಗುತ್ತದೆ.

ತುಮಕೂರು ಜಿಲ್ಲೆಯ ಸಿದ್ದರಬೆಟ್ಟದ ಸುತ್ತಲಿನ ಸೀಮೆಗೆ ಈ ಶಿಕ್ಷಣ ಬೇಕೇ ಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಮಳೆ ನಂಬಿ ಕಡಲೆಕಾಯಿ ಬೆಳೆದ ತಾಲ್ಲೂಕುಗಳು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಬಂದಾಗ ಜಮೀನಿದ್ದವರಿಗೆ ವರ್ಷಾವರ್ಷ ಗುತ್ತಿಗೆ ಹಣ ಸಿಕ್ಕಿತು; ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಹಣದಲ್ಲಿ ಪಾಲಿಲ್ಲ. ಇತ್ತ ಸಿದ್ಧೇಶ್ವರನ ಗುಹೆಗೆ, ಮೂಲಿಕೆಗಳಿಗೆ ಹೆಸರಾದ ಸಿದ್ದರಬೆಟ್ಟಕ್ಕೂ, ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಗೂ ವಾರಾಂತ್ಯಕ್ಕೆ ಬೆಂಗಳೂರಿನಿಂದ ಚಾರಣಿಗರು ಬರುತ್ತಲೇ ಇರುತ್ತಾರೆ. ಸಹಾಯಾರ್ಥ ಚಾರಣಕ್ಕೆ ಹೇಳಿ ಮಾಡಿಸಿದ ಜಾಗಗಳಿವು.

ಆದರೆ ಓಟ ಒಂದು ದಿನದ್ದು, ಅಂಗಡಿ ಕಾಲೂರಲು ವರ್ಷಗಳು ಬೇಕು. ರುಡ್‌ಸೆಟ್ ಮಾದರಿಯಲ್ಲಿ ತರಬೇತಿ ಕೆಲವೇ ವಾರಗಳದ್ದಾದರೂ ಅನಂತರ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗಿದ್ದು ಸಾಲ, ಮಾರುಕಟ್ಟೆಯ ತೊಡಕು ಬಿಡಿಸುವ ವ್ಯವಸ್ಥೆಯಿದೆ. ಪ್ರಮಾಣಪತ್ರ ಹಂಚುವಲ್ಲಿಗೇ ನಿಲ್ಲುವ ಕಾರ್ಯಕ್ರಮಗಳಿಗೆ ಎತ್ತಿದ ಹಣ ಫೋಟೋಗಷ್ಟೇ ಸಾಕು. ಓಟಗಾರನ ಕೋರಿಕೆಗೆ ದೇಣಿಗೆ ಕೊಡುವವರು, ಆತ ಎಷ್ಟು ದೂರ ಓಡುತ್ತಾನೆ ಎಂಬುದರ ಜೊತೆಗೆ, ತರಬೇತಿ ಪಡೆದವರಲ್ಲಿ ಎರಡು ವರ್ಷದ ಮೇಲೂ ಎಷ್ಟು ಮಂದಿ ವ್ಯಾಪಾರ ನಡೆಸುತ್ತಿದ್ದಾರೆ ಎಂದು ಸಂಸ್ಥೆಯನ್ನು ಕೇಳಬೇಕು.